ಪುಟ್ಟಿಯ ಕಪ್ಪು ಕನ್ನಡಕ ಮತ್ತು ಮಿದುಳು ಕಟ್ಟುವ ಮೇಸ್ತ್ರಿಗಳು

ನಾನು ಹನ್ನೊಂದನೇ ಗ್ರೇಡ್. ಆರನೇ ವಯಸ್ಸಿನಿಂದ ಈ ಕನ್ನಡ ಶಾಲೆಗೆ ಬರುತ್ತಿದ್ದೇನೆ. ಈ ವರ್ಷ ಚಿಕ್ಕ ಮಕ್ಕಳ ತರಗತಿಯಲ್ಲಿ ಕಾಗುಣಿತ ಹೇಳಿಕೊಡಲು ಟೀಚರ್‌ಗೆ ಸಹಾಯ ಮಾಡುತ್ತಿದ್ದೇನೆ. ಅದೇ ತರಗತಿಯಲ್ಲಿ ನನ್ನ ತಂಗಿ ಪುಟ್ಟಿಯೂ ಇದ್ದಾಳೆ. ನೀವೆಲ್ಲ ಅವಳನ್ನು ನೋಡಿರುತ್ತೀರಿ. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ಕ್ಲಾಸಿನ ಒಳಗೂ ಅದನ್ನು ತೆಗೆಯುವುದಿಲ್ಲ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಾಳೆ.

ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗ ನನ್ನನ್ನು ಕೇಳಿದ: "ಅಕ್ಕಾ, ಅವಳ್ಯಾಕೆ ಸಿನಿಮಾ ಸ್ಟಾರ್ ಥರ ಒಳಗೂ ಕನ್ನಡಕ ಹಾಕ್ಕೊಂಡಿದ್ದಾಳೆ?" ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ಪುಟ್ಟಿ ತಲೆ ಎತ್ತದೆ ಉತ್ತರ ಕೊಟ್ಟಳು: "ನನ್ನ ಕಣ್ಣಿಗೆ ಕರ್ಟನ್ ಇಲ್ಲ, ಅದಕ್ಕೆ."

ಅವಳು ಹೇಳಿದ್ದು ಸರಿಯಾಗಿಯೇ ಇದೆ. ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡಿಕೊಳ್ಳಿ. ನಡುವೆ ಒಂದು ಕಪ್ಪು ಚುಕ್ಕೆ ಇದೆ, ಅದು ಪಾಪೆ, ಅಂದರೆ ಬೆಳಕು ಒಳಗೆ ಹೋಗುವ ಕಿಂಡಿ. ಅದರ ಸುತ್ತ ಕಂದು ಬಣ್ಣದ ಉಂಗುರ ಇದೆ, ಅದು ಐರಿಸ್. ಬಿಸಿಲಿಗೆ ಹೋದರೆ ಐರಿಸ್ ಕಿಂಡಿಯನ್ನು ಚಿಕ್ಕದು ಮಾಡುತ್ತದೆ, ಕತ್ತಲಲ್ಲಿ ದೊಡ್ಡದು ಮಾಡುತ್ತದೆ. ಪುಟ್ಟಿಗೆ ಆ ಉಂಗುರ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಅನಿರಿಡಿಯಾ ಅನ್ನುತ್ತಾರೆ. 40,000ದಿಂದ 1,00,000 ಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತದೆ. ಕ್ಲಾಸಿನ ಟ್ಯೂಬ್‌ಲೈಟ್ ಕೂಡ ಅವಳಿಗೆ ಕಾರಿನ ಹೆಡ್‌ಲೈಟ್ ಎದುರಿಗೆ ನಿಂತ ಹಾಗೆ.

ಆದರೆ ನಮ್ಮ ಮನೆಯಲ್ಲಿ "ಯಾಕೆ" ಅನ್ನುವುದಕ್ಕೆ ಇನ್ನೊಂದು ಉತ್ತರವೂ ಇತ್ತು. ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

2017ರ ಆಗಸ್ಟ್ 21ರಂದು ಅಮೆರಿಕದ ಮೇಲೆ ಸಂಪೂರ್ಣ ಸೂರ್ಯಗ್ರಹಣ ಆಯಿತು. ಪೋರ್ಟ್‌ಲ್ಯಾಂಡ್ ಹತ್ತಿರದ ನಮ್ಮ ಊರಿನಲ್ಲಿ ಪೂರ್ತಿ ಕಾಣುವುದಿಲ್ಲ ಅಂತ ಅಪ್ಪ ಬೆಳಗಿನ ಜಾವ ಎದ್ದು ನಮ್ಮನ್ನು ಸೇಲಂಗೆ ಕರೆದುಕೊಂಡು ಹೋದರು. ನಾಲ್ಕನೇ ಗ್ರೇಡ್ ಶುರುವಾಗುವ ಮುಂಚಿನ ಬೇಸಿಗೆ ಅದು. ಗ್ರಹಣದ ಕನ್ನಡಕ ಹಾಕಿಕೊಂಡು ಹುಲ್ಲಿನ ಮೇಲೆ ಕೂತಿದ್ದೆವು. ಸುಮಾರು ಎರಡು ನಿಮಿಷ ಹಗಲಲ್ಲೇ ಕತ್ತಲು. ಆಗ ಅಮ್ಮನಿಗೆ ಐದು ತಿಂಗಳು. ಡಿಸೆಂಬರ್ ಕೊನೆಯಲ್ಲಿ ಪುಟ್ಟಿ ಹುಟ್ಟಿದಳು. ಅವಳ ಕಣ್ಣಿನ ವಿಷಯ ಗೊತ್ತಾದ ವಾರ ಮೈಸೂರಿನಿಂದ ಅಜ್ಜಿ ಫೋನಿನಲ್ಲಿ ಅಂದರು: "ಬಸುರಿ ಹೆಂಗಸು ಗ್ರಹಣಕ್ಕೆ ಹೊರಗೆ ಬರಬಾರದು ಅಂತ ಬಡ್ಕೊಂಡಿದ್ದೆ, ಕೇಳಿದ್ರಾ?" ಫೋನ್ ಸ್ಪೀಕರ್‌ನಲ್ಲಿತ್ತು, ನಾನು ಕೇಳಿಸಿಕೊಂಡೆ. ಅಮ್ಮ ಏನೂ ಹೇಳಲಿಲ್ಲ.

ನನ್ನ ಅಮ್ಮ ಇಂಜಿನಿಯರ್. ಗ್ರಹಣ ಹೇಗೆ ಆಗುತ್ತದೆ ಅಂತ ಕಿತ್ತಳೆ ಹಣ್ಣು, ಟಾರ್ಚ್ ಇಟ್ಟುಕೊಂಡು ನನಗೆ ಹೇಳಿಕೊಟ್ಟವರೇ ಅವರು. ಆದರೆ 2024ರ ಏಪ್ರಿಲ್ 8ಕ್ಕೆ, ಯುಗಾದಿಯ ಹಿಂದಿನ ದಿನ, ಇಲ್ಲಿ ಸ್ವಲ್ಪ ಮಾತ್ರ ಕಾಣುವ ಪಾರ್ಶ್ವ ಗ್ರಹಣ ಇತ್ತಲ್ಲ, ಆವತ್ತು ಅಮ್ಮ ಪುಟ್ಟಿಯನ್ನು ಸ್ಕೂಲಿಗೆ ಕಳಿಸಲಿಲ್ಲ. ಮನೆಯ ಎಲ್ಲ ಕಿಟಕಿಗೂ ಪರದೆ ಎಳೆದರು. ಆಗ ನನಗೆ ಗೊತ್ತಾಯಿತು, ಅಜ್ಜಿ ಆವತ್ತು ಫೋನಿನಲ್ಲಿ ಹೇಳಿದ ಮಾತು ಇನ್ನೂ ನಮ್ಮ ಮನೆಯಲ್ಲೇ ಇದೆ ಅಂತ. ಆಮೇಲೆ ನಾನು ಓದಲು ಶುರು ಮಾಡಿದೆ. ಬಯಾಲಜಿ ಟೀಚರ್ ಹತ್ತಿರ ಕೇಳಿದೆ, ಲೈಬ್ರರಿಯಿಂದ ಪುಸ್ತಕ ತಂದೆ. ಓದಿದ್ದರಲ್ಲಿ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಕಣ್ಣಿನ ಕತೆ ಅಂತ ಶುರು ಮಾಡಿದ್ದು, ಆದರೆ ಅದು ಮಿದುಳಿನ ಕತೆ ಅಂತ ಆಮೇಲೆ ತಿಳಿಯಿತು.

ಮೊದಲು ಒಂದು ವಿಚಿತ್ರ ಕೇಳಿ. ನಿಮ್ಮ ಮೂಗಿನ ತುದಿಯ ಕೋಶ, ಹೊಟ್ಟೆಯ ಕೋಶ, ಮಿದುಳಿನ ಕೋಶ ಎಲ್ಲದರಲ್ಲೂ ಇರುವ ಡಿಎನ್‌ಎ ಒಂದೇ. ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ ಪ್ರತಿ ಕೋಶದ ಹತ್ತಿರವೂ ಇಡೀ ಪುಸ್ತಕ ಇದೆ. ಅದರಲ್ಲಿ ಪ್ರೋಟೀನ್ ಮಾಡುವ ವಿಧಾನ ಬರೆದಿರುವ ಪಾಠಗಳು, ಅಂದರೆ ಜೀನ್‌ಗಳು, ಸುಮಾರು 20,000. ಹಾಗಾದರೆ ಹೊಟ್ಟೆಯ ಕೋಶ ಯಾಕೆ ಯೋಚನೆ ಮಾಡುವುದಿಲ್ಲ? ಮಿದುಳಿನ ಕೋಶ ಯಾಕೆ ಊಟ ಅರಗಿಸುವುದಿಲ್ಲ? ಯಾಕೆಂದರೆ ಯಾರೂ ಇಡೀ ಪುಸ್ತಕ ಓದುವುದಿಲ್ಲ. ಪ್ರತಿ ಕೋಶವೂ ತನಗೆ ಬೇಕಾದ ಪಾಠವನ್ನು ಮಾತ್ರ ತೆಗೆದು, ಅದನ್ನು ಒಂದು ಚೀಟಿಯಲ್ಲಿ ನಕಲು ಮಾಡಿಕೊಂಡು, ಆ ಚೀಟಿ ನೋಡಿ ಪ್ರೋಟೀನ್ ತಯಾರಿಸುತ್ತದೆ. ನಾವು ಶನಿವಾರ ಕಾಪಿ ಬರೆಯುತ್ತೇವಲ್ಲ, ಹಾಗೆ. ಈ ನಕಲು ಮಾಡುವ ಕೆಲಸಕ್ಕೆ ಟ್ರಾನ್ಸ್‌ಕ್ರಿಪ್ಷನ್ ಅಂತ ಹೆಸರು.

ಯಾವ ಪಾಠ ತೆಗೆಯಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ಹೇಳುವವರು ಯಾರು? ಅವರೂ ಪ್ರೋಟೀನ್‌ಗಳೇ. ಅವರಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುತ್ತಾರೆ. ನನಗೆ ಈ ಹೆಸರು ಬಾಯಲ್ಲಿ ನಿಲ್ಲಲಿಲ್ಲ. ಹಿಂದೊಮ್ಮೆ ಮೈಸೂರಿಗೆ ಹೋಗಿದ್ದಾಗ ಅಜ್ಜಿ ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದರು. ಅಲ್ಲಿ ಒಬ್ಬ ಮೇಸ್ತ್ರಿ ಇದ್ದರು. ನಾನು ನೋಡಿದ ಒಂದು ತಿಂಗಳಲ್ಲಿ ಅವರು ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಆದರೆ ಅವರು ಬರದಿದ್ದ ದಿನ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. "ಇಲ್ಲಿ ಗೋಡೆ ಎತ್ತು, ಇಲ್ಲಿ ಕಿಟಕಿಗೆ ಜಾಗ ಬಿಡು, ಅದನ್ನ ಈಗ ಬೇಡ." ಅಷ್ಟೇ ಅವರ ಕೆಲಸ. ಆದ್ದರಿಂದ ನಾನು ಈ ಪ್ರೋಟೀನ್‌ಗಳಿಗೆ ಮೇಸ್ತ್ರಿ ಅಂತಲೇ ಹೆಸರಿಟ್ಟೆ. ಮನುಷ್ಯರಲ್ಲಿ ಇಂಥ ಮೇಸ್ತ್ರಿಗಳು ಸುಮಾರು 1,600 ಬಗೆ ಇದ್ದಾರೆ.

ಮೇಸ್ತ್ರಿ ಪ್ರೋಟೀನಿಗೆ ಡಿಎನ್‌ಎಯನ್ನು ಹಿಡಿದುಕೊಳ್ಳುವ ಕೈಯಂಥ ಭಾಗ ಇರುತ್ತದೆ. ಆ ಕೈ ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ಕೆಲವೇ ಅಕ್ಷರಗಳ ಒಂದು ಗುರುತನ್ನು ಹುಡುಕಿ, ಅಲ್ಲೇ ಕೂರುತ್ತದೆ. ಕೂತ ಮೇಲೆ ಹತ್ತಿರದ ಜೀನನ್ನು ಓದಿಸುತ್ತದೆ, ಅಥವಾ ಓದದ ಹಾಗೆ ತಡೆಯುತ್ತದೆ. ಇದರಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಏನೆಂದರೆ, ಒಬ್ಬ ಮೇಸ್ತ್ರಿ ಓದಿಸುವ ಪಾಠದಿಂದ ಇನ್ನೊಬ್ಬ ಮೇಸ್ತ್ರಿ ತಯಾರಾಗಬಹುದು. ಅವನು ಮತ್ತೊಬ್ಬನನ್ನು ಕರೆಯುತ್ತಾನೆ. ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ಕೆಲಸ ಮುಂದುವರಿಯುತ್ತದೆ.

ಈಗ ಮಿದುಳು. ದೊಡ್ಡವರಾದ ಮೇಲೆ ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು ಇರುತ್ತವೆ. ಆದರೆ ಅದು ಶುರುವಾಗುವುದು ಒಂದು ಚಪ್ಪಟೆ ಹಾಳೆಯ ಥರ. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಇನ್ನೂ ಮೂರು ವಾರ ಆಗಿರುವಾಗ ಅದರ ಬೆನ್ನಿನ ಭಾಗದಲ್ಲಿ ಕೋಶಗಳ ಒಂದು ಪಟ್ಟಿ ದಪ್ಪಗಾಗುತ್ತದೆ. ಆಮೇಲೆ ಎರಡೂ ಅಂಚು ಮೇಲೆ ಎದ್ದು, ನಡುವೆ ಹಳ್ಳ ಬಿದ್ದು, ಅಂಚುಗಳು ಒಂದಕ್ಕೊಂದು ಅಂಟಿಕೊಂಡು ಕೊಳವೆ ಆಗುತ್ತದೆ. ಈ ದೀಪಾವಳಿಗೆ ಅಜ್ಜಿ ಇಲ್ಲಿಗೆ ಬಂದಿದ್ದರು. ಅವರು ಕರ್ಜಿಕಾಯಿ ಮಾಡುವುದನ್ನು ನೋಡುತ್ತಿದ್ದಾಗ ನನಗೆ ಇದು ಸರಿಯಾಗಿ ಅರ್ಥವಾಯಿತು. ಲಟ್ಟಿಸಿದ ಹಾಳೆ, ಮಡಚಿದ್ದು, ಅಂಚು ಒತ್ತಿ ಮುಚ್ಚಿದ್ದು. ಸರಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಮಗುವಿನ ಈ ಕೊಳವೆಯೂ ಅಪರೂಪಕ್ಕೆ ಎಲ್ಲಾದರೂ ಮುಚ್ಚದೆ ಉಳಿದರೆ ತೊಂದರೆ. ಅದಕ್ಕೇ ಡಾಕ್ಟರು ಮಗು ಬೇಕು ಅನ್ನುವವರಿಗೆ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಕೊಡುವುದು. ಕೊಳವೆ ಪೂರ್ತಿ ಮುಚ್ಚುವುದು ಸುಮಾರು 28ನೇ ದಿನಕ್ಕೆ. ಎಷ್ಟೋ ಅಮ್ಮಂದಿರಿಗೆ ಆಗ ತಾನೇ ಮಗುವಿನ ವಿಷಯ ಗೊತ್ತಾಗಿರುತ್ತದೆ.

ಕೊಳವೆಯ ಮುಂದಿನ ತುದಿ ಮೂರು ಕಡೆ ಉಬ್ಬುತ್ತದೆ. ಮುಂಮಿದುಳು, ನಡುಮಿದುಳು, ಹಿಂಮಿದುಳು. ಉಳಿದ ಉದ್ದ ಬೆನ್ನುಹುರಿ. ಮೀನು, ಕಪ್ಪೆ, ಕೋಳಿ, ಇಲಿ, ಆನೆ, ನಾವು, ಬೆನ್ನುಮೂಳೆ ಇರುವ ಎಲ್ಲರಿಗೂ ಇದೇ ಮೂರು ಉಬ್ಬು. ಕಟ್ಟುವ ಮೇಸ್ತ್ರಿಗಳೂ ಹೆಚ್ಚುಕಡಿಮೆ ಅವರೇ. ಹಾಗಾಗಿಯೇ ವಿಜ್ಞಾನಿಗಳು ಇದನ್ನು ಕೋಳಿಮೊಟ್ಟೆ, ಇಲಿ, ಮೀನುಗಳಲ್ಲಿ ನೋಡಿ ಕಲಿಯಲು ಆಗುವುದು. ಕೋಳಿಮರಿ ಮೊಟ್ಟೆಯಿಂದ ಹೊರಬರಲು 21 ದಿನ ಬೇಕು, ಆದರೆ ಕಾವು ಕೊಟ್ಟ ಎರಡನೇ ದಿನವೇ ಈ ಉಬ್ಬುಗಳು ಕಾಣಿಸುತ್ತವೆ.

ನಾನು ಇದನ್ನು ಕಣ್ಣಾರೆ ನೋಡಿದ್ದು ಜೀಬ್ರಾಫಿಶ್‌ನಲ್ಲಿ. ಬೆರಳಿನಷ್ಟೂ ಉದ್ದ ಇಲ್ಲದ ಪಟ್ಟೆಪಟ್ಟೆ ಮೀನು. ಅದರ ಮೂಲ ಊರು ನಮ್ಮ ಭಾರತದ ಕಡೆಯ ಹಳ್ಳ, ಗದ್ದೆಗಳೇ. ಅದನ್ನು ಪ್ರಯೋಗಾಲಯದ ಪ್ರಾಣಿಯಾಗಿ ಮಾಡಿದವರು ಜಾರ್ಜ್ ಸ್ಟ್ರೈಸಿಂಗರ್ ಅನ್ನುವ ವಿಜ್ಞಾನಿ. ಎಲ್ಲಿ ಗೊತ್ತಾ? ಇಲ್ಲಿಂದ ಎರಡು ಗಂಟೆ ದಾರಿಯ ಯೂಜೀನ್‌ನಲ್ಲಿ, ಯೂನಿವರ್ಸಿಟಿ ಆಫ್ ಆರೆಗಾನ್‌ನಲ್ಲಿ, 1970ರ ದಶಕದಲ್ಲಿ. ಭಾರತದಿಂದ ಆರೆಗಾನ್‌ಗೆ ನಮಗಿಂತ ಮೊದಲೇ ಬಂದ ಮೀನು! ಸ್ಕೂಲಿನಿಂದ ಒಂದು ಲ್ಯಾಬ್ ನೋಡಲು ಹೋದಾಗ ನಮಗೆ ಒಂದು ದಿನ ವಯಸ್ಸಿನ ಮರಿಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಗಾಜಿನಂತೆ ಪಾರದರ್ಶಕ. ಮಿದುಳಿನ ಉಬ್ಬುಗಳು ಕಾಣುತ್ತವೆ, ಎರಡು ದೊಡ್ಡ ಕಣ್ಣು ಕಾಣುತ್ತವೆ, ಬಾಲ ಪಟಕ್ ಅಂತ ಮಿಡಿಯುತ್ತದೆ. ಹಿಂದಿನ ದಿನ ಅದು ಒಂದೇ ಒಂದು ಕೋಶವಾಗಿತ್ತು. ನಾನು ಕಣ್ಣು ತೆಗೆಯಲೇ ಇಲ್ಲ, ಹಿಂದೆ ಲೈನಿನಲ್ಲಿ ನಿಂತವರು ಬೈದರು.

ಈಗ ಮೇಸ್ತ್ರಿಗಳನ್ನು ಒಬ್ಬೊಬ್ಬರಾಗಿ ಪರಿಚಯ ಮಾಡುತ್ತೇನೆ. ಎಲ್ಲರನ್ನೂ ಅಲ್ಲ, ಅದಕ್ಕೆ ಈ ಪತ್ರಿಕೆಯ ಇಡೀ ಪುಟಗಳು ಸಾಲವು.

ಓಟಿಎಕ್ಸ್-2 ಅನ್ನುವ ಮೇಸ್ತ್ರಿ ಮುಂದಿನ ಅರ್ಧದವನು. ಮುಂಮಿದುಳು, ನಡುಮಿದುಳು ಅವನ ಜಮೀನು. 1995ರಲ್ಲಿ ವಿಜ್ಞಾನಿಗಳು ಈ ಜೀನ್ ಇಲ್ಲದ ಇಲಿ ಭ್ರೂಣಗಳನ್ನು ನೋಡಿದರು. ಅವುಗಳಿಗೆ ತಲೆಯ ಮುಂದಿನ ಭಾಗವೇ ಬರಲಿಲ್ಲ, ಹುಟ್ಟುವ ಮೊದಲೇ ತೀರಿಕೊಂಡವು. ಹಿಂದಿನ ಜಮೀನು ಜಿಬಿಎಕ್ಸ್-2 ಅನ್ನುವವನದು. ಇವರಿಬ್ಬರೂ ಅಕ್ಕಪಕ್ಕದ ಹೊಲದ ಅಣ್ಣತಮ್ಮಂದಿರ ಥರ. ಓಟಿಎಕ್ಸ್-2 ಇರುವ ಕಡೆ ಜಿಬಿಎಕ್ಸ್-2 ಬರದ ಹಾಗೆ ಅವನು ತಡೆಯುತ್ತಾನೆ, ಇವನಿರುವ ಕಡೆ ಅವನು ಬರದ ಹಾಗೆ ಇವನು ತಡೆಯುತ್ತಾನೆ. ಇಬ್ಬರ ಜಗಳದಲ್ಲಿ ನಡುವೆ ಒಂದು ನೇರವಾದ ಬದು ಬೀಳುತ್ತದೆ. ಓಟಿಎಕ್ಸ್-2 ಇನ್ನೂ ಹಿಂದಕ್ಕೆ ಹಬ್ಬುವಂತೆ ಮಾಡಿದ ಇಲಿಗಳಲ್ಲಿ ಬದುವೂ ಹಿಂದೆ ಸರಿಯಿತು. ನಡುಮಿದುಳು ದೊಡ್ಡದಾಯಿತು, ಅದರ ಹಿಂದಿನ ಕಿರುಮಿದುಳು ಜಾಗ ಕಳೆದುಕೊಂಡಿತು. ಊರಲ್ಲಿ ಬದು ಒತ್ತಿಕೊಂಡರೆ ಆಗುವುದೂ ಇದೇ ಅಂತ ಅಪ್ಪ ನಕ್ಕರು.

ಬದುವಿನ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಅಲ್ಲಿನ ಕೋಶಗಳು ಎಫ್‌ಜಿಎಫ್-8 ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಇದು ಮೇಸ್ತ್ರಿ ಅಲ್ಲ, ಕೂಗಿ ಹೇಳುವವನು. ಅಕ್ಕಪಕ್ಕದ ಕೋಶಗಳಿಗೆ "ನೀವು ಬದುವಿನ ಹತ್ತಿರ ಇದ್ದೀರಿ" ಅಂತ ಸುದ್ದಿ ಮುಟ್ಟಿಸುತ್ತಾನೆ. ಆ ಸುದ್ದಿ ಕೇಳಿ ಅಲ್ಲಿನ ಕೋಶಗಳ ಒಳಗೆ ಬೇರೆ ಮೇಸ್ತ್ರಿಗಳು ಏಳುತ್ತಾರೆ. 1996ರಲ್ಲಿ ಎಫ್‌ಜಿಎಫ್-8ರಲ್ಲಿ ನೆನೆಸಿದ ಒಂದು ಪುಟಾಣಿ ಮಣಿಯನ್ನು ಕೋಳಿ ಭ್ರೂಣದ ಮುಂಮಿದುಳಿನ ಹಿಂಭಾಗದಲ್ಲಿ ಇಟ್ಟು ನೋಡಿದರು. ಅಲ್ಲಿ ಇನ್ನೊಂದು ನಡುಮಿದುಳು ಬೆಳೆಯಲು ಶುರುವಾಯಿತು! ಅಂದರೆ ಆ ಕೋಶಗಳಿಗೆ ಎರಡೂ ಬರುತ್ತಿತ್ತು. ಯಾವ ಪಾಠ ಓದಬೇಕು ಅಂತ ಹೇಳುವವರಿಗಾಗಿ ಕಾಯುತ್ತಿದ್ದವು.

ಇನ್ನೂ ಹಿಂದೆ ಹೋದರೆ ಹಾಕ್ಸ್ ಅನ್ನುವ ದೊಡ್ಡ ಕುಟುಂಬ. ನಮ್ಮಲ್ಲಿ 39 ಜನ. ಹಿಂಮಿದುಳು ಮತ್ತು ಬೆನ್ನುಹುರಿಯನ್ನು ಮನೆ ನಂಬರ್ ಹಾಕಿದ ಹಾಗೆ ಹಂಚಿಕೊಂಡಿದ್ದಾರೆ. ತಮಾಷೆ ಏನೆಂದರೆ, ಡಿಎನ್‌ಎ ಮೇಲೆ ಅವರು ಸಾಲಾಗಿ ಕೂತಿರುವ ಕ್ರಮವೇ ದೇಹದಲ್ಲಿ ಮುಂದಿನಿಂದ ಹಿಂದಕ್ಕೆ ಅವರು ಕೆಲಸ ಮಾಡುವ ಕ್ರಮ. ಇದು ಮೊದಲು ಗೊತ್ತಾದದ್ದು ಹಣ್ಣಿನ ನೊಣದಲ್ಲಿ, ಬಾಳೆಹಣ್ಣು ಕೊಳೆತರೆ ಅಡುಗೆಮನೆಯಲ್ಲಿ ಹಾರುತ್ತದಲ್ಲ, ಅದರಲ್ಲಿ.

ಈಗ ಪುಟ್ಟಿಯ ಮೇಸ್ತ್ರಿಗೆ ಬರುತ್ತೇನೆ. ಅವನ ಹೆಸರು ಪ್ಯಾಕ್ಸ್-6.

ಕಣ್ಣು ಅಂದರೆ ಮುಖದ ಮೇಲೆ ಇರುವ ಒಂದು ವಸ್ತು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಸುಮಾರು 22ನೇ ದಿನಕ್ಕೆ, ಕೊಳವೆ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಆಗಲೇ ಮುಂಮಿದುಳಿನ ಎರಡೂ ಪಕ್ಕ ಒಂದೊಂದು ಗುಳಿ ಬೀಳುತ್ತದೆ. ಆ ಗುಳಿ ಹೊರಗೆ ಚಾಚಿ ಬಲೂನಿನ ಥರ ಆಗುತ್ತದೆ. ಚರ್ಮವನ್ನು ಮುಟ್ಟಿದ ಮೇಲೆ ಬಲೂನಿನ ಮುಂಭಾಗ ಒಳಗೆ ತಗ್ಗಿ ಬಟ್ಟಲಿನ ಆಕಾರ ಬರುತ್ತದೆ. ಆ ಬಟ್ಟಲೇ ರೆಟಿನಾ. ಬಟ್ಟಲು ಮುಟ್ಟಿದ ಜಾಗದ ಚರ್ಮ ದಪ್ಪಗಾಗಿ ಲೆನ್ಸ್ ಆಗುತ್ತದೆ. ಬಟ್ಟಲಿನ ಅಂಚು ಮುಂದೆ ಬೆಳೆದು ಐರಿಸ್‌ನ ಒಳಪದರ ಆಗುತ್ತದೆ. ಅಂದರೆ ನಮ್ಮ ಕಣ್ಣಿನ ಹಿಂಭಾಗ ಮಿದುಳಿನದೇ ತುಂಡು. ಮಿದುಳು ಹೊರಗೆ ಏನಿದೆ ಅಂತ ಇಣುಕಿ ನೋಡಲು ಬಂದು ಅಲ್ಲೇ ನಿಂತುಬಿಟ್ಟಿದೆ.

ಈ ಕೆಲಸದ ದೊಡ್ಡ ಮೇಸ್ತ್ರಿ ಪ್ಯಾಕ್ಸ್-6. ಅವನಿಗೆ ಡಿಎನ್‌ಎ ಹಿಡಿಯಲು ಎರಡು ಬೇರೆ ಬೇರೆ ಕೈಗಳಿವೆ. ಅವನ ಕೆಲಸ ಕಣ್ಣು ಒಂದೇ ಅಲ್ಲ. ಮಿದುಳಿನ ಹೊರಪದರದಲ್ಲಿ ಮುಂದೆ ಅವನು ಹೆಚ್ಚು, ಹಿಂದೆ ಹೋದ ಹಾಗೆ ಕಡಿಮೆ. ಇಎಂಎಕ್ಸ್-2 ಅನ್ನುವವನು ಇದಕ್ಕೆ ಉಲ್ಟಾ. ಯಾರು ಎಷ್ಟು ಇದ್ದಾರೆ ಅನ್ನುವುದರ ಮೇಲೆ ಮುಂದಿನ ಭಾಗ ಎಷ್ಟು, ಹಿಂದೆ ನೋಟಕ್ಕೆ ಮೀಸಲಾದ ಭಾಗ ಎಷ್ಟು ಅಂತ ತೀರ್ಮಾನ ಆಗುತ್ತದೆ. ವಾಸನೆ ತಿಳಿಯುವ ಭಾಗ ಕಟ್ಟುವುದರಲ್ಲೂ ಪ್ಯಾಕ್ಸ್-6 ಇದ್ದಾನೆ. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಅನಿರಿಡಿಯಾ ಇರುವ ಕೆಲವರಿಗೆ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ ಅಂತ ಅಲ್ಲಿ ಬರೆದಿತ್ತು. ಪುಟ್ಟಿಗೆ ಇಂಗಿನ ಒಗ್ಗರಣೆ ಗೊತ್ತಾಗುವುದಿಲ್ಲ! ಸೀದುಹೋದರೂ ಗೊತ್ತಾಗುವುದಿಲ್ಲ. ಅವಳು ಗಮನ ಕೊಡುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಾನಂತೂ ಅವಳನ್ನು ಎಷ್ಟೋ ಸಲ ರೇಗಿಸಿದ್ದೇನೆ.

ಪ್ಯಾಕ್ಸ್-6 ಎಷ್ಟು ಹಳೆಯ ಮೇಸ್ತ್ರಿ ಅನ್ನುವುದಕ್ಕೆ ಒಂದು ಕತೆ ಇದೆ. 1915ರಲ್ಲೇ ಮಿಲ್ಡ್ರೆಡ್ ಹೋಗ್ ಅನ್ನುವ ವಿಜ್ಞಾನಿ ಕಣ್ಣು ಇಲ್ಲದ, ಇಲ್ಲವೇ ಚಿಕ್ಕ ಕಣ್ಣಿನ ಹಣ್ಣಿನ ನೊಣಗಳ ಬಗ್ಗೆ ಬರೆದಿದ್ದರು. ಆ ಜೀನಿಗೆ "ಐಲೆಸ್", ಅಂದರೆ ಕಣ್ಣಿಲ್ಲದ್ದು ಅಂತ ಹೆಸರು ಬಿತ್ತು. ಕಣ್ಣು ಮಾಡುವ ಜೀನಿಗೆ ಕಣ್ಣಿಲ್ಲದ್ದು ಅಂತ ಹೆಸರು! ಕೆಟ್ಟಾಗ ಏನಾಗುತ್ತದೋ ಅದರ ಮೇಲೆ ಹೆಸರಿಡುವುದು ನೊಣದ ವಿಜ್ಞಾನಿಗಳ ಪದ್ಧತಿ. ಆಮೇಲೆ 1991ರಲ್ಲಿ ಮನುಷ್ಯರ ಅನಿರಿಡಿಯಾಗೂ "ಸ್ಮಾಲ್ ಐ" ಅನ್ನುವ ಚಿಕ್ಕ ಕಣ್ಣಿನ ಇಲಿಗೂ ಒಂದೇ ಜೀನ್ ಕಾರಣ ಅಂತ ಗೊತ್ತಾಯಿತು, ಅದೇ ಪ್ಯಾಕ್ಸ್-6. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ಲ್ಯಾಬಿನವರು ನೊಣದ ಐಲೆಸ್ ಕೂಡ ಅದೇ ಜೀನ್ ಅಂತ ಕಂಡುಕೊಂಡರು. ಮರುವರ್ಷ ಅವರು ಆ ಜೀನನ್ನು ನೊಣದ ರೆಕ್ಕೆಯಲ್ಲಿ, ಕಾಲಿನಲ್ಲಿ, ಮೀಸೆಯಲ್ಲಿ ಕೆಲಸ ಮಾಡುವ ಹಾಗೆ ಮಾಡಿದರು. ಅಲ್ಲೆಲ್ಲ ಕಣ್ಣು ಬಂತು! ನೊಣದ ಜೀನ್ ಬದಲು ಇಲಿಯ ಪ್ಯಾಕ್ಸ್-6 ಹಾಕಿದರೂ ಬಂತು. ಬಂದದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣೇ. ಮೇಸ್ತ್ರಿ ಹೇಳಿದ್ದು "ಇಲ್ಲಿ ಕಣ್ಣು ಕಟ್ಟಿ" ಅಂತ ಮಾತ್ರ. ಕಟ್ಟುವವರು ನೊಣದ ಆಳುಗಳು, ಅವರಿಗೆ ಗೊತ್ತಿದ್ದ ಕಣ್ಣು ಕಟ್ಟಿದರು. ನಾನು ಈ ಕತೆಯನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ "ಛೀ" ಅಂದರು. ಪುಟ್ಟಿ ಮಾತ್ರ "ನನ್ನ ಮೊಣಕಾಲಿಗೆ ಒಂದು ಬರಿಸಕ್ಕಾಗತ್ತಾ?" ಅಂತ ಕೇಳಿದಳು. ಆಗಲ್ಲ ಪುಟ್ಟಿ, ಸಾರಿ.

ಹಾಗಾದರೆ ಪುಟ್ಟಿಯಲ್ಲಿ ಏನಾಗಿದೆ? ನಮ್ಮೆಲ್ಲರ ಹತ್ತಿರ ಪ್ಯಾಕ್ಸ್-6 ಪಾಠದ ಎರಡು ಪ್ರತಿ ಇರುತ್ತವೆ, ಒಂದು ಅಮ್ಮನದು, ಒಂದು ಅಪ್ಪನದು. ಅವು 11ನೇ ಕ್ರೋಮೋಸೋಮ್ ಮೇಲೆ ಇವೆ. ಪುಟ್ಟಿಯ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಒಂದು ಅಕ್ಷರಕ್ಕೆ ಅಷ್ಟೊಂದಾ ಅಂತ ಕೇಳಬೇಡಿ. ಹಾಲು ಅನ್ನುವುದನ್ನು ಹಾಳು ಅಂತ ಬರೆದರೆ ಟೀಚರ್ ಏನು ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ಅವಳದು ಇನ್ನೂ ಬೇರೆ ಥರದ ತಪ್ಪು, ವಾಕ್ಯದ ಮಧ್ಯೆ ಪೂರ್ಣವಿರಾಮ ಬಿದ್ದ ಹಾಗೆ. "ಅಮ್ಮ ಮನೆಗೆ ಬಂದು ಅಡುಗೆ ಮಾಡಿದರು" ಅನ್ನುವುದು "ಅಮ್ಮ ಮನೆಗೆ ಬಂ" ಅಂತ ನಿಂತುಬಿಟ್ಟರೆ? ಆ ಪ್ರತಿಯಿಂದ ಮೇಸ್ತ್ರಿ ತಯಾರಾಗುವುದಿಲ್ಲ. ಇನ್ನೊಂದು ಪ್ರತಿ ಸರಿಯಾಗಿದೆ. ಅದರಿಂದ ಅರ್ಧದಷ್ಟು ಮೇಸ್ತ್ರಿಗಳು ಬರುತ್ತಾರೆ. ಎಷ್ಟೋ ಜೀನ್‌ಗಳಿಗೆ ಅರ್ಧ ಇದ್ದರೂ ನಡೆದುಹೋಗುತ್ತದೆ. ಪ್ಯಾಕ್ಸ್-6ಕ್ಕೆ ನಡೆಯುವುದಿಲ್ಲ, ಅದು ಸಾರಿಗೆ ಉಪ್ಪು ಹಾಕಿದ ಹಾಗೆ ಲೆಕ್ಕವಾಗಿ ಇರಬೇಕು. ಹೆಚ್ಚು ಪ್ರತಿಗಳನ್ನು ಹಾಕಿದ ಇಲಿಗಳ ಕಣ್ಣೂ ಚಿಕ್ಕದಾಯಿತು.

ಪುಟ್ಟಿಗೆ ಮೊದಲ ವರ್ಷ ಮೂರು ಮೂರು ತಿಂಗಳಿಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿದ್ದರು. ಕಣ್ಣಿಗೆ ತೊಂದರೆ ಇದ್ದರೆ ಹೊಟ್ಟೆಗೆ ಯಾಕೆ ಸ್ಕ್ಯಾನ್ ಅಂತ ನನಗೆ ಆಗ ಯಾರೂ ಹೇಳಿರಲಿಲ್ಲ. ಪ್ಯಾಕ್ಸ್-6ರ ಹತ್ತಿರದಲ್ಲೇ ಇನ್ನೊಂದು ಜೀನ್ ಇದೆ. ಡಿಎನ್‌ಎಯ ದೊಡ್ಡ ತುಂಡೇ ಬಿದ್ದುಹೋಗಿ ಎರಡೂ ಇಲ್ಲವಾಗಿದ್ದರೆ ಮೂತ್ರಪಿಂಡದಲ್ಲಿ ಗಡ್ಡೆ ಬರುವ ಅಪಾಯ ಇರುತ್ತದೆ. ಜೀನ್ ಪರೀಕ್ಷೆಯ ಫಲಿತಾಂಶ ಬಂದು, ತಪ್ಪಿರುವುದು ಒಂದೇ ಅಕ್ಷರ ಅಂತ ತಿಳಿದ ದಿನ ಅಪ್ಪ ಕೇಕ್ ತಂದಿದ್ದರು. ಯಾರ ಹುಟ್ಟುಹಬ್ಬ ಅಂತ ನಾನು ಕೇಳಿದ್ದು ನೆನಪಿದೆ. ಈಗಲೂ ಅವಳ ಕಣ್ಣಿನ ಒತ್ತಡ ನೋಡಲು ಡಾಕ್ಟರ ಹತ್ತಿರ ಹೋಗುತ್ತಲೇ ಇರುತ್ತೇವೆ.

ಅದೇ ಪರೀಕ್ಷೆಯಲ್ಲಿ ಅಪ್ಪ ಅಮ್ಮನ ರಕ್ತವನ್ನೂ ನೋಡಿದ್ದರು. ಇಬ್ಬರಲ್ಲೂ ಆ ತಪ್ಪು ಇರಲಿಲ್ಲ. ಅನಿರಿಡಿಯಾ ಇರುವ ಮೂವರಲ್ಲಿ ಸುಮಾರು ಇಬ್ಬರಿಗೆ ಅದು ಅಪ್ಪನಿಂದಲೋ ಅಮ್ಮನಿಂದಲೋ ಬಂದಿರುತ್ತದೆ. ಉಳಿದವರಲ್ಲಿ ಅದು ಹೊಸದು. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ 300 ಕೋಟಿ ಅಕ್ಷರ ನಕಲು ಆಗಬೇಕು, ಕೆಲವು ತಪ್ಪು ಉಳಿದೇ ಉಳಿಯುತ್ತವೆ. ಹುಟ್ಟುವ ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿ ಇಲ್ಲದ ಇಂಥ ಹೊಸ ತಪ್ಪುಗಳು ಸುಮಾರು 60, 70 ಇರುತ್ತವೆ. ನನ್ನಲ್ಲೂ ಇವೆ, ಇದನ್ನು ಓದುತ್ತಿರುವ ನಿಮ್ಮಲ್ಲೂ ಇವೆ. ಹೆಚ್ಚಿನವು ಯಾರೂ ಓದದ ಪುಟಗಳಲ್ಲಿ ಬಿದ್ದಿರುತ್ತವೆ. ಪುಟ್ಟಿಯದು ಮೇಸ್ತ್ರಿಯ ಪುಟದಲ್ಲಿ ಬಿತ್ತು.

ದೀಪಾವಳಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಅಜ್ಜಿ ಕರ್ಜಿಕಾಯಿ ಮಡಚುತ್ತಿದ್ದರು, ಅಮ್ಮ ಕರಿಯುತ್ತಿದ್ದರು. ನಾನು ಒಂದು ಹಾಳೆ ಹಿಟ್ಟು ತೆಗೆದುಕೊಂಡು ಮಿದುಳಿನ ಕೊಳವೆ ಮಾಡಿ ತೋರಿಸಿದೆ. ಎರಡು ಪಕ್ಕ ಬೆರಳು ಒತ್ತಿ ಕಣ್ಣಿನ ಗುಳಿ ಮಾಡಿದೆ. ಅಜ್ಜಿಗೆ ಕುತೂಹಲ. ಆಮೇಲೆ ಒಂದು ಕಾಗದದ ಮೇಲೆ 2017ರ ತಿಂಗಳುಗಳನ್ನು ಬರೆದೆ. ಪುಟ್ಟಿ ಮೊದಲ ಕೋಶವಾಗಿದ್ದದ್ದು ಏಪ್ರಿಲ್ ಮೊದಲಲ್ಲಿ. ಕಣ್ಣಿನ ಗುಳಿ ಬಿದ್ದದ್ದು ಏಪ್ರಿಲ್ ಕೊನೆಗೆ. ಕೊಳವೆ ಮುಚ್ಚಿದ್ದು ಮೇ ಮೊದಲ ವಾರ. ಕಣ್ಣಿನ ಬಟ್ಟಲು ಮೇ ಮಧ್ಯೆ. ಗ್ರಹಣ ಆಗಸ್ಟ್ 21.

ಅಮ್ಮ ಬಾಣಲೆಯಿಂದ ಕಣ್ಣು ತೆಗೆಯದೆ ಅಂದರು: "ಬಟ್ಟಲಿನ ಅಂಚು ಐರಿಸ್ ಆಗೋದು ಆಮೇಲೆ. ಅದು ಬೆಳೆಯೋಕೆ ತಿಂಗಳುಗಟ್ಟಲೆ ಬೇಕು. ಐದನೇ ತಿಂಗಳಲ್ಲೂ ಬೆಳೀತಾ ಇರತ್ತೆ."

ನಾನು ಸುಮ್ಮನಾದೆ. ಅಮ್ಮ ಹೇಳಿದ್ದು ನಿಜ, ಪುಸ್ತಕದಲ್ಲೂ ಹಾಗೇ ಇದೆ. ಆದರೆ ಅದನ್ನು ನಾನು ಹೇಳಿರಲಿಲ್ಲ. ಅಮ್ಮ ಇದನ್ನೆಲ್ಲ ಯಾವಾಗಲೋ ಒಬ್ಬರೇ ಕೂತು ಓದಿದ್ದರು. ತಿಂಗಳು ಲೆಕ್ಕ ಹಾಕಿದ್ದರು.

"ಹೌದಮ್ಮ," ಅಂದೆ. "ಆದ್ರೆ ಅಕ್ಷರ ತಪ್ಪಿದ್ದು ಐರಿಸ್‌ನಲ್ಲಿ ಅಲ್ಲ. ಅವಳ ರಕ್ತದಲ್ಲೂ ಅದೇ ತಪ್ಪು ಸಿಕ್ತಲ್ಲ? ರಕ್ತಕ್ಕೂ ಕಣ್ಣಿಗೂ ಒಂದೇ ತಪ್ಪು ಇರಬೇಕಾದ್ರೆ ಅದು ಮೊದಲನೇ ಕೋಶದಿಂದಲೇ ಬಂದಿದ್ದು. ಏಪ್ರಿಲ್‌ಗಿಂತ ಮುಂಚೆ. ಗ್ರಹಣಕ್ಕೆ ನಾಲ್ಕು ತಿಂಗಳು ಮುಂಚೆ. ಆವತ್ತು ನೀವು ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ರೂ ಪುಟ್ಟಿ ಹೀಗೇ ಇರ್ತಿದ್ಳು."

ಅಜ್ಜಿ ಕೈಯಲ್ಲಿದ್ದ ಹಿಟ್ಟನ್ನು ತಟ್ಟೆಗೆ ಹಾಕಿದರು. "ನಾನು ಆವತ್ತು ಏನೋ ಸಂಕಟಕ್ಕೆ ಅಂದುಬಿಟ್ಟೆ ಕಣಮ್ಮಾ," ಅಂದರು ಅಮ್ಮನಿಗೆ. "ಏಳು ವರ್ಷ ಅದನ್ನ ಇಟ್ಕೊಂಡಿದ್ಯಾ?"

"ಎಣ್ಣೆ ಕಾಯ್ತಾ ಇದೆ ಅತ್ತೆ, ಇನ್ನೆರಡು ಕೊಡಿ," ಅಂದರು ಅಮ್ಮ. ದನಿ ಸ್ವಲ್ಪ ಬೇರೆಯಾಗಿತ್ತು. ಅಜ್ಜಿ ಎದ್ದು ಅಮ್ಮನ ಪಕ್ಕ ಹೋಗಿ ನಿಂತರು. ಇಬ್ಬರೂ ಬಹಳ ಹೊತ್ತು ಅಲ್ಲೇ ಇದ್ದರು. ನಾನು ಹೊರಗೆ ಬಂದೆ.

ಕ್ಲಾಸಿನ ಸ್ನೇಹಿತರಿಗೆ ಪುಟ್ಟಿ ಕಡೆಯಿಂದ ಕೆಲವು ಮಾತು, ಅವಳೇ ಹೇಳಿ ಬರೆಸಿದ್ದು. ಅವಳು ಕಿಟಕಿಗೆ ಬೆನ್ನು ಹಾಕಿ ಕೂರಬೇಕು, ದಯವಿಟ್ಟು ಆ ಕುರ್ಚಿ ಅವಳಿಗೆ ಬಿಡಿ. ಬೋರ್ಡಿನಲ್ಲಿ ಬರೆದದ್ದನ್ನು ಓದಿ ಹೇಳಿದರೆ ಅವಳು ನಿಮಗೆ ಮಗ್ಗಿ ಹೇಳಿಕೊಡುತ್ತಾಳೆ. ಕನ್ನಡಕ ಯಾರಿಗೂ ಹಾಕಿಕೊಂಡು ನೋಡಲು ಕೊಡುವುದಿಲ್ಲ, ಕೇಳಬೇಡಿ. ಮತ್ತೆ ಈ ಲೇಖನವನ್ನು ಅವಳಿಗಾಗಿ ದೊಡ್ಡ ಅಕ್ಷರದಲ್ಲಿ ಒಂದು ಪ್ರತಿ ಬೇರೆ ಪ್ರಿಂಟ್ ಮಾಡಿಕೊಡಬೇಕು ಅಂತ ಸಂಪಾದಕರಲ್ಲಿ ಕೇಳಿಕೊಂಡಿದ್ದಾಳೆ. ನನ್ನ ಮೊದಲ ಪ್ರತಿಯನ್ನು ಭೂತಗನ್ನಡಿ ಹಿಡಿದು ಓದಿ ಅವಳು ಆಗಲೇ ಮೂರು ಒತ್ತಕ್ಷರದ ತಪ್ಪು ಹುಡುಕಿದ್ದಾಳೆ. ಅವನ್ನು ತಿದ್ದಿದ್ದೇನೆ.